ಐದನೇ ಸಾಲಿನ ನಗು

ಚಪ್ಪಾಳೆ ಇಳಿಯಿತು, ಅದರ ಹಿಂದೆಯೇ ನಗುವೂ ಇಳಿಯಿತು, ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡರು, ಈಗ ಬರಬೇಕು, ಈಗ — ಬರಲಿಲ್ಲ. ಮೆಷಿನ್ನಿನ ಸೂಜಿ ಪರದೆಯ ಅಂಚಿನ ಮೇಲೆ ತನ್ನ ಪಾಡಿಗೆ ಓಡುತ್ತಿದೆ, ಕಾಲು ಪೆಡಲಿನ ಮೇಲಿದೆ, ಎಡಗಿವಿಯಲ್ಲಿ ಇಯರ್‌ಫೋನು, ಬಲಗಿವಿಯಲ್ಲಿ ಪಕ್ಕದ ರಿಂಗಮ್ಮ ಪರದೆಗೆ ಉಂಗುರ ಒತ್ತುವ ಟಕ್ ಟಕ್, ಅವಳು ಫೋನಿನ ಮೇಲೆ ಬೆರಳಿಟ್ಟು ಹಾಡನ್ನು ಹಿಂದಕ್ಕೆಳೆದು ಮತ್ತೆ ಕೇಳಿದಳು, ಚಪ್ಪಾಳೆ, ನಗು, ಕೆಮ್ಮು, ಆಮೇಲೆ ಏನೂ ಇಲ್ಲ, ಹಾಡು ಮುಗಿದೇ ಹೋಗಿದೆ, ಶುಭ್ರವಾಗಿ, ಮಡಿಸಿಟ್ಟ ಬಟ್ಟೆಯ ಹಾಗೆ. ಎಲ್ಲಿ ಕತ್ತರಿ ಬಿತ್ತು ಎಂಬ ಗುರುತೇ ಇಲ್ಲವಲ್ಲ, ಮೂವತ್ತು ವರ್ಷದಿಂದ ಪರದೆ ಹೊಲಿಯುತ್ತಿರುವ ತನ್ನ ಕೈಗೂ ಇಷ್ಟು ನಾಜೂಕು ಬರುವುದಿಲ್ಲ, ಮೆಚ್ಚಬೇಕಾದ್ದೇ, ಆದರೆ ಮನೆಯವರ ನಗು ಎಲ್ಲಿ. ಸೌಂಡ್ ಮೇಡಂ ಬೆಳಿಗ್ಗೆ ಕಳಿಸಿದ್ದು ಇದು. ಹೋದ ವಾರ ಇದೇ ಅಂಗಡಿಗೆ ಬಂದು, ಇದೇ ಸ್ಟೂಲಿನ ಮೇಲೆ ಕೂತು, ಹತ್ತೊಂಬತ್ತು ವರ್ಷದ ಹಳೇ ಕ್ಯಾಸೆಟ್ಟನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ ಹೆಂಗಸು, ನಲವತ್ತಿರಬಹುದು, ಕೊರಳಲ್ಲಿ ಸದಾ ಹೆಡ್‌ಫೋನು, ಹೆಸರು ಹೇಳಿದ್ದಳು, ರಿಂಗಮ್ಮ ಆಗಲೇ ಸೌಂಡ್ ಮೇಡಂ ಎಂದು ಇಟ್ಟುಬಿಟ್ಟಳು, ಆಮೇಲೆ ಆ ಹೆಸರು ಯಾರಿಗೆ ನೆನಪಿರುತ್ತದೆ. ಹಾಡಿನ ಜೊತೆ ಬರೆದೂ ಕಳಿಸಿದ್ದಾಳೆ, ಅಮ್ಮಾ, ನಿಮ್ಮ ಹಾಡು ಕ್ಲೀನ್ ಆಗಿದೆ, ಕೊನೇಲಿ ಎಲ್ಲರೂ ಸುಮ್ಮನಾದ ಮೇಲೆ ಯಾರೋ ಒಬ್ರು ನಕ್ಕುಬಿಟ್ಟಿದ್ದಾರೆ, ಆ ನಗೂನೂ ಅದಾದ ಮೇಲಿನ ಅರ್ಧ ಸಾಲನ್ನೂ ತೆಗೆದಿದ್ದೀನಿ, ಚಪ್ಪಾಳೆಗೆ ಮುಗಿಸಿದ್ರೆ ಚೆಂದ ಅಲ್ವಾ, ಐದು ಗಂಟೆಯೊಳಗೆ ಹ್ಞೂಂ ಅಂತ ಒಂದು ಮಾತು ಹೇಳಿ. ಹ್ಞೂಂ ಎನ್ನಬೇಕು. ಎನ್ನಬೇಕೇ? ಗೋಡೆ ಗಡಿಯಾರದಲ್ಲಿ ಮೂರೂವರೆ, ಅದು ಹತ್ತು ನಿಮಿಷ ಮುಂದೆ, ಅಲ್ಲ, ಹಿಂದೆ, ಓನರಮ್ಮ ಹೋದ ತಿಂಗಳು ಸರಿಮಾಡಿಸಿದರೋ ಇಲ್ಲವೋ. ಯಾರೋ ಒಬ್ಬರು, ಎಂದು ಬರೆದಿದ್ದಾಳೆ. ಯಾರೋ ಒಬ್ಬರು.

ತಂತಿ ಹಾಡಿಗೆ ಚೆಂದದ ಕೊನೆ ಎಂಬುದು ಎಲ್ಲಾದರೂ ಉಂಟೇ, ಅದನ್ನು ಆ ಮೇಡಂಗೆ ಹೇಗೆ ಹೇಳುವುದು, ಅವಳು ಆಗ ಆ ಮೇಳದ ಕಚೇರಿಗೆ ಬಂದವಳಲ್ಲ. ಬಂದವರಿಗೆ ಗೊತ್ತು. ಆ ಮೇಳದಲ್ಲಿ ಮ್ಯಾಂಡೊಲಿನ್ ನುಡಿಸುವವನೊಬ್ಬ, ಅಭಿಮಾನಿಗಳೆಲ್ಲ ಅವನನ್ನು ತಂತಿಮುರುಕ ಎನ್ನುತ್ತಿದ್ದರು, ಒಂದು ಕಚೇರಿಯೂ ತಪ್ಪದೆ ಅವನ ಒಂದಾದರೂ ತಂತಿ ಫಟ್ಟೆನ್ನುತ್ತಿತ್ತು, ಬೇಕಂತಲೇ ಕಿತ್ತುಕೊಳ್ಳುತ್ತಾನೆ ಎಂದು ಕೆಲವರು, ಇಲ್ಲಪ್ಪಾ ಅವನ ಕೈಯೇ ಒರಟು ಎಂದು ಕೆಲವರು, ಆ ಜಗಳ ಇವತ್ತಿಗೂ ತೀರಿಲ್ಲ. ಹೊಸ ತಂತಿ ಹಾಕಿ ಶ್ರುತಿ ಮಾಡಲು ನಾಲ್ಕೈದು ನಿಮಿಷ, ಅಷ್ಟು ಹೊತ್ತು ಸಭೆಯನ್ನು ಸುಮ್ಮನೆ ಕೂರಿಸುವುದು ಹೇಗೆ, ಆಗ ಹಾಡುಗಾರ ತಂತಿಮುರುಕನ ತಲೆಯಿಂದ ಟೋಪಿ ತೆಗೆದು ಮುಂದಿನ ಸಾಲಿಗೆ ಎಸೆಯುತ್ತಿದ್ದ, ಟೋಪಿ ಸಾಲಿಂದ ಸಾಲಿಗೆ ಹೋಗಿ ಚೀಟಿಗಳನ್ನು ತುಂಬಿಕೊಂಡು ವಾಪಸು ಬರುತ್ತಿತ್ತು, ಒಂದನ್ನು ಎತ್ತಿ ಗಟ್ಟಿಯಾಗಿ ಓದಿ, ಅಲ್ಲಿಂದಲ್ಲಿಗೇ ಹಾಡು. ಪೆಪ್ಪರಮಿಂಟಿನ ಕಾಗದವನ್ನು ಸದ್ದಾಗಬಾರದೆಂದು ನಿಧಾನವಾಗಿ ಬಿಚ್ಚಿ ಬಿಚ್ಚಿ ಇಡೀ ಕಚೇರಿ ಕೆಡಿಸಿದ ಹೆಂಗಸಿನ ಹಾಡು. ಬೋಳುತಲೆಗೆ ಬಾಚಣಿಗೆ ಕೊಂಡವನ ಹಾಡು, ಅದು ಅಷ್ಟೇನೂ ಅಲ್ಲ, ಜನ ಸುಮ್ಮನೆ ಹೊಗಳುತ್ತಾರೆ. ಛತ್ರಿ ಅದಲುಬದಲಾಗಿ ಮದುವೆಯೇ ಅದಲುಬದಲಾದ ಹಾಡು, ಅದಕ್ಕೆ ಅವಳು ಅತ್ತುಬಿಡುವಷ್ಟು ನಕ್ಕಿದ್ದಳು, ಪಕ್ಕದಲ್ಲಿ ಗಂಡ ಅವಳನ್ನೇ ನೋಡುತ್ತ, ಒಂದು ಗಳಿಗೆ ತಡವಾಗಿ, ಅವನೂ. ಹಾಡುಗಾರನಿಗೆ ಪ್ರಾಸ ಸಿಗದಿದ್ದರೆ ಕೊನೆಯ ಅಕ್ಷರವನ್ನು ಆಆಆ ಎಂದು ಎಳೆಯುತ್ತಿದ್ದ, ಎಳೆತದ ಉದ್ದ ಕೇಳಿದರೆ ಸಾಕು, ಸಿಕ್ಕಿತೋ ಕೈಕೊಟ್ಟಿತೋ ಅವಳಿಗೆ ಗೊತ್ತಾಗುತ್ತಿತ್ತು, ಸಿಗದೆ ಒದ್ದಾಡುವುದೇ ಹೆಚ್ಚು ಸೊಗಸು. ದೊಡ್ಡ ಹಾಡುಗಳನ್ನು ಅವನು ಕಣ್ಣು ಮುಚ್ಚಿ ಹಾಡುತ್ತಿದ್ದ, ಕೇಳುವವರೂ ಕಣ್ಣು ಮುಚ್ಚುತ್ತಿದ್ದರು, ಎಲ್ಲರೂ ಬಹಳ ಗಂಭೀರ. ತಂತಿ ಹಾಡಿಗೆ ಮಾತ್ರ ಕಣ್ಣು ತೆರೆದು, ಸಭೆಯ ಒಬ್ಬೊಬ್ಬರ ಮೇಲೂ ಕಣ್ಣಾಡಿಸುತ್ತ, ನೀನು ಏನು ಮಾಡ್ತಿದ್ದೀಯಪ್ಪಾ ಎನ್ನುವ ಹಾಗೆ. ಅಲ್ಲಿ ತಂತಿಮುರುಕ ಹೊಸ ತಂತಿಯನ್ನು ಟಿಂಗ್ ಎನ್ನಿಸಿದನೋ, ಹಾಡು ಅಲ್ಲಿಗೇ ಖಲಾಸ್, ಸಾಲಿನ ನಡುವೆ ಇರಲಿ, ಪದದ ನಡುವೆಯೇ ಇರಲಿ, ಬಾಯಿ ಮುಚ್ಚಿ ಮುಂದಿನ ದೊಡ್ಡ ಹಾಡು. ಇದೇ ಕಟ್ಟು, ಇದೇ ಮಜಾ, ಹಾಗಿರುವಾಗ ಚಪ್ಪಾಳೆಗೆ ಮುಗಿಸುವುದಂತೆ. ಅಂಚು ವಾರೆಯಾಯಿತು, ಛೆ, ಒಂದು ಗೇಣು ಹೊಲಿಗೆ ಬಿಚ್ಚಬೇಕು.

ಬಿಚ್ಚುತ್ತಾಳೆ. ದಾರದ ತುಣುಕುಗಳು ತೊಡೆಯ ಮೇಲೆ. ಗಂಡನಿಗೆ ಸಂಗೀತ ಎಂದರೆ ಅಷ್ಟಕ್ಕಷ್ಟೇ, ಮರ ಕೊಯ್ಯುವ ಮಿಲ್ಲಿನವನು, ದಿನವೆಲ್ಲ ಗರಗಸದ ಪಕ್ಕ ನಿಂತವನಿಗೆ ಭಾನುವಾರ ಮಧ್ಯಾಹ್ನ ಒಂದು ನಿದ್ದೆ ಬೇಕು, ಆದರೂ ಒಂದಲ್ಲ ಎರಡಲ್ಲ ಹನ್ನೊಂದು ಕಚೇರಿ, ಒಂದಕ್ಕೂ ಇಲ್ಲ ಎನ್ನಲಿಲ್ಲ, ಅಂಗಿ ತಾನೇ ಇಸ್ತ್ರಿ ಮಾಡಿಕೊಂಡು ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದ. ಹೇಗಿತ್ತು ರೀ ಎಂದರೆ ಚೆನ್ನಾಗಿತ್ತು ಅಲ್ವಾ. ಹನ್ನೊಂದು ಸಲವೂ ಅದೇ ಮಾತು, ಚೆನ್ನಾಗಿತ್ತು ಅಲ್ವಾ, ಕೊನೆಯಲ್ಲಿ ಆ ಅಲ್ವಾ ಯಾಕೆ ಎಂದು ಒಂದು ದಿನವಾದರೂ ಅವಳ ತಲೆಗೆ ಹೊಳೆಯಿತೇ, ಎಲ್ಲಿಂದ ಹೊಳೆಯಬೇಕು, ದಾರಿಯುದ್ದಕ್ಕೂ ಹಾಡಿನ ಸಾಲುಗಳನ್ನು ತಾನೇ ಹಾಡಿ ಹಾಡಿ ತೋರಿಸುತ್ತಿದ್ದಳಲ್ಲ, ಅವನು ಬಾಯಿ ನೋಡುತ್ತ ತಲೆದೂಗುತ್ತಿದ್ದ, ದೀಪದ ಕಂಬ ಬಂದಾಗ ಸ್ವಲ್ಪ ಹೆಚ್ಚೇ ನಗುತ್ತಿದ್ದ. ದೀಪದ ಕಂಬದ ಕೆಳಗೆ. ಅಯ್ಯೋ, ಅದು ಈಗ ನೆನಪಾಗುತ್ತಿದೆಯಲ್ಲ, ನಿಜವಾಗಿ ಹಾಗಿತ್ತೋ, ಈಗ ತಾನೇ ಕಟ್ಟಿಕೊಂಡಿದ್ದೋ. ಮಿಲ್ಲಿನವರಿಗೆ ತುಟಿ ಓದುವುದು ನೀರು ಕುಡಿದಷ್ಟು ಸಲೀಸು, ಗರಗಸದ ಗದ್ದಲದಲ್ಲಿ ಯಾರ ಮಾತು ಯಾರಿಗೆ ಕೇಳಬೇಕು, ಕೈಯಲ್ಲೇ ಎಲ್ಲ, ಬೆರಳು ಸುತ್ತಿಸಿದರೆ ಮೆಷಿನ್ ನಿಲ್ಲಿಸು, ಅಂಗೈ ಚಪ್ಪಟೆ ಮಾಡಿದರೆ ಹಲಗೆ ತಿರುಗಿಸು, ಹೆಬ್ಬೆರಳು ಬಾಯಿಗೆ ತಂದರೆ ಚಹಾ, ಮದುವೆಯಾದ ಹೊಸದರಲ್ಲಿ ಮನೆಯಲ್ಲೂ ಹೀಗೇ ಮಾತಾಡಿ ಅತ್ತೆಯ ಕೈಯಲ್ಲಿ ಬೈಸಿಕೊಂಡಿದ್ದಾನೆ, ಮೂಗನಿಗೆ ಹೆಣ್ಣು ಕೊಟ್ರು ಅಂತ ಜನ ಆಡ್ಕೋತಾರೆ ಕಣೋ. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮನೆಯಲ್ಲಿ ಜೋಕು ಹೇಳಿದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವನು, ಮೈದುನ ಅದಕ್ಕೇ ಟ್ಯೂಬ್‌ಲೈಟ್ ಎಂದು ಹೆಸರಿಟ್ಟ, ಸ್ವಿಚ್ಚು ಹಾಕಿದ ಮೇಲೆ ಮಿಣ್ ಮಿಣ್ ಎಂದು ಯೋಚನೆ ಮಾಡಿ ಹತ್ತುತ್ತಾನೆ ನಮ್ಮಣ್ಣ, ಎಲ್ಲರೂ ಕರೆದರು, ಅವಳೂ ಕರೆದಳು, ಪ್ರೀತಿಗೇ ಕರೆದದ್ದು. ಕಚೇರಿಯಲ್ಲಿ ಮಾತ್ರ ಅವನು ವೇದಿಕೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ವೇದಿಕೆಯ ಬೆಳಕು ಪಕ್ಕದಿಂದ ಬಿದ್ದ ಅವನ ಮುಖ, ಅರ್ಧ ಬೆಳಕು ಅರ್ಧ ಕತ್ತಲೆ, ಪೂರ್ತಿ ಅವಳ ಕಡೆ ತಿರುಗಿ. ರಿಂಗಮ್ಮನಿಗೆ ಎಷ್ಟು ಸಲ ಹೇಳಿಕೊಂಡಿದ್ದಾಳೆ ಅದನ್ನು, ಏನ್ ಮಾಡ್ಲಿ ಹೇಳು, ಅಷ್ಟು ಜನ ಹಾಡುಗಾರನ್ನ ನೋಡ್ತಿದ್ರೆ ಇವ್ರು ನನ್ನನ್ನೇ ನೋಡ್ತಾರೆ, ಮದುವೆಯಾಗಿ ಇಷ್ಟು ವರ್ಷ ಆದ್ಮೇಲೂ. ರಿಂಗಮ್ಮ ಟಕ್ಕೆಂದು ಒಂದು ಉಂಗುರ ಒತ್ತಿ, ಪುಣ್ಯ ಮಾಡಿದ್ದೆ ಕಣೇ, ನಮ್ಮನೆಯವ್ರು ಊಟದ ತಟ್ಟೆ ಬಿಟ್ರೆ ಇನ್ಯಾವುದನ್ನೂ ನೋಡಲ್ಲ. ಅವಳಿಗೆ ಹಿಗ್ಗು, ಸೂಜಿಗೆ ದಾರ ಪೋಣಿಸುವಾಗಲೂ ನಗು. ಆ ಹಿಗ್ಗನ್ನು ಈಗ ಎಲ್ಲಿ ಇಡುವುದು.

ಆ ಹನ್ನೊಂದನೇ ಕಚೇರಿಯಲ್ಲಿ ಟೋಪಿ ಐದನೇ ಸಾಲಿಗೆ ಬಂದಾಗ ಚೀಟಿ ಆಗಲೇ ಬರೆದಾಗಿತ್ತು, ಮನೆಯಲ್ಲೇ ಬರೆದು ತಂದಿದ್ದಳು, ಪರದೆಯ ಅಳತೆ ಬರೆಯುವ ಪುಸ್ತಕದ ಹಾಳೆ ಹರಿದು, ನನ್ನ ಗಂಡ ಟ್ಯೂಬ್‌ಲೈಟು, ನಗು ತಡವಾಗಿ ಬರುತ್ತೆ, ಐದನೇ ಸಾಲು. ಐದನೇ ಸಾಲು ಎಂದು ಬೇರೆ ಬರೆಯಬೇಕಿತ್ತೇ. ಹಿಂದಿನ ಹತ್ತು ಕಚೇರಿಯಲ್ಲೂ ಅವಳ ಚೀಟಿ ಹಾಡುಗಾರನ ಕೈಗೆ ಬಂದಿರಲಿಲ್ಲ, ಈ ಸಲ ಬಂದೇ ಬರುತ್ತದೆ ಎಂದು ಯಾಕೋ ಅನ್ನಿಸಿ ಮೈದುನನ ಟೇಪ್‌ರೆಕಾರ್ಡರ್ ಕೇಳಿ ತಂದಿದ್ದಳು, ಚೀಲದೊಳಗೆ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ, ಮೊದಲ ಸಲ, ಆಮೇಲೆ ನೋಡಿದರೆ ಕೊನೆಯ ಸಲವೂ ಅದೇ, ಆ ವರ್ಷವೇ ಹಾಡುಗಾರನ ಗಂಟಲು ಕೈಕೊಟ್ಟಿತು, ಮೇಳ ನಿಂತುಹೋಯಿತು, ಈಗ ಅವನು ಮಾತಾಡಿದರೂ ಕೆಮ್ಮುತ್ತಾನೆ ಎಂದು ಸೌಂಡ್ ಮೇಡಂ ಹೇಳಿದಳು. ಹಾಡುಗಾರ ಅವಳದೇ ಚೀಟಿ ಬಿಚ್ಚಿದ, ಓದಿದ, ಸಭೆ ಆಗಲೇ ಕಿಸಕ್ಕೆಂದಿತು. ಟ್ಯೂಬ್‌ಲೈಟಣ್ಣ ಟ್ಯೂಬ್‌ಲೈಟಣ್ಣ, ಸ್ವಿಚ್ಚು ಹಾಕಿ ಆಯ್ತಣ್ಣ, ಊರೆಲ್ಲ ನಕ್ಕು ಮುಖ ತೊಳ್ಕೊಂಡ್ರು, ನಿಂದ್ಯಾವಾಗಣ್ಣ. ಬಾಯಿಂದ ನಗು ಹಾರಿ ರೆಕಾರ್ಡಿಂಗ್ ಕೆಡುತ್ತದೆ ಎಂದು ಅವಳು ಬಾಯಿಗೆ ಕೈ ಒತ್ತಿಕೊಂಡಳು, ಎರಡೂ ಕೈ. ಭಾನುವಾರ ಹೇಳಿದ ಜೋಕು ಬುಧವಾರ ಮುಟ್ಟಿತು, ಸಾವಿನ ಮನೆಯಲಿ ಕೂತವನಿಗೆ ನಗುವು ಹುಟ್ಟಿತು. ಸಭೆ ಬಿದ್ದು ಬಿದ್ದು ನಗುತ್ತಿದೆ, ತಂತಿಮುರುಕ ತಂತಿ ಸುತ್ತುವುದನ್ನು ಬಿಟ್ಟು ನಗುತ್ತಿದ್ದಾನೆ. ಸತ್ತವನೆದ್ದು ಕೇಳಿದನಂತೆ, ಏನಪ್ಪಾ ವಿಷಯಾಆಆ — ಎಳೆದ, ಎಳೆದ, ಸಿಗುವುದಿಲ್ಲ ಎಂದುಕೊಂಡಳು, ಸಿಕ್ಕಿತು — ನನಗೂ ಹೇಳು ಹೋಗೋ ಮುಂಚೆ, ನಾನೂ ನಗ್ತೀನಯ್ಯಾ. ಅಬ್ಬಾ, ಆ ಸಾಲು, ಸಾಯುವವನಿಗೂ ಒಂದು ಜೋಕು ಹೇಳಿ ಕಳಿಸಬೇಕೆನ್ನುವ ಆ ಸಾಲು, ಕೂತಲ್ಲಿಂದ ಹುಟ್ಟಿ ಬಂದದ್ದು, ಬರೆದಿಟ್ಟುಕೊಂಡು ಹಾಡುವವರ ಬಾಯಲ್ಲಿ ನೂರು ವರ್ಷಕ್ಕೂ ಬರುವುದಿಲ್ಲ, ಇವತ್ತಿಗೂ ಪಾತ್ರೆ ತೊಳೆಯುವಾಗ ಅವಳ ಬಾಯಿಗೆ ತಾನಾಗಿ ಬರುತ್ತದೆ. ಚಪ್ಪಾಳೆ. ನಗು. ಇಳಿಯಿತು. ಯಾರೋ ಗಂಟಲು ಸರಿಮಾಡಿಕೊಂಡರು. ಇನ್ನು ನಗು ಹಾರುವ ಭಯವಿಲ್ಲ ಎಂದು ಅವಳು ಕೈ ಇಳಿಸಿ ಉಸಿರುಬಿಟ್ಟಳು, ಆಗ, ನಾನೂರು ಜನ ಮೌನವಾಗಿರುವಾಗ, ಪಕ್ಕದಲ್ಲಿ, ಹ್ಹ ಹ್ಹ ಹ್ಹಾ. ಒಬ್ಬನೇ. ತುಂಬು ನಗು, ಮಿಲ್ಲಿನವರ ನಗು, ಸದ್ದಿನ ಮೇಲೆ ಹಾರಬೇಕಾದ ನಗು.

ಸಭೆಗೆ ಇನ್ನೇನು ಬೇಕು, ಹಾಡಿನೊಳಗಿನ ಟ್ಯೂಬ್‌ಲೈಟಣ್ಣ ಐದನೇ ಸಾಲಿನಲ್ಲಿ ಎದ್ದುಬಂದ ಹಾಗಾಯಿತು, ಮೊದಲಿನ ನಗು ಏನೂ ಅಲ್ಲ ಎನ್ನುವಂಥ ನಗು, ಮುಂದಿನ ನಾಲ್ಕು ಸಾಲಿನವರೂ ತಿರುಗಿ ನೋಡಿದರು, ಕುರ್ಚಿ ಬಡಿದರು, ಅವನು ಏನು ಮಾಡಿದ, ಕೈ ಎತ್ತಿದ, ಎಲ್ಲರಿಗೂ ನಮಸ್ಕಾರ ಎನ್ನುವ ಹಾಗೆ ಒಂದು ಕೈ ಎತ್ತಿ ಕೂತಲ್ಲೇ ತಲೆ ಬಾಗಿಸಿದ, ಗೊತ್ತಿದ್ದೋ ಗೊತ್ತಿಲ್ಲದೆಯೋ. ಹಾಡುಗಾರ ಮಾತ್ರ ನಗಲಿಲ್ಲ. ಕಣ್ಣು ಅರಳಿಸಿ ಈ ಕಡೆ ನೋಡಿ, ಬೇರೆಯದೇ ದನಿಯಲ್ಲಿ, ಮೆಲ್ಲಗೆ, ನಾನು ಇಲ್ಲಿ ಹಾಡ್ತಾ ಇದ್ರೆ, ಅಣ್ಣ ಅಲ್ಲಿ ಯಾಕೋ — ಟಿಂಗ್. ತಂತಿ ಸಿದ್ಧವಾಯಿತು. ಖಲಾಸ್. ಅಣ್ಣ ಅಲ್ಲಿ ಯಾಕೋ, ಏನು? ಅಭಿಮಾನಿಗಳು ವರ್ಷಗಟ್ಟಲೆ ಹರಟಿದ್ದಾರೆ ಇದರ ಮೇಲೆ, ನಿದ್ದೆ ಹೊಡೀತಾನೆ ಎಂದು ಒಬ್ಬರು, ಬೀಡಿ ಹುಡುಕ್ತಾನೆ ಎಂದು ಮತ್ತೊಬ್ಬರು, ನಾಳೆ ಜೋಕಿಗೆ ಇವತ್ತೇ ನಗ್ತಾನೆ ಎಂದು ಅಂಚೆ ಕಚೇರಿಯ ಮುದುಕಪ್ಪ, ಆ ಸಾಲೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದ್ದರು, ಅವಳೂ. ವೇದಿಕೆಯಿಂದ ಹಾಡುಗಾರನಿಗೆ ಏನು ಕಂಡಿತ್ತು ಎಂದು ಅವಳು ಕೇಳಿಕೊಂಡಿರಲಿಲ್ಲ. ಹಾಡಿನುದ್ದಕ್ಕೂ ಕಣ್ಣು ತೆರೆದು ಸಭೆಯ ಮುಖಗಳನ್ನು ನೋಡುತ್ತಿದ್ದವನು ಅವನೊಬ್ಬನೇ. ಓನರಮ್ಮ ಬಂದು ಬಾಗಿಲಲ್ಲಿ ನಿಂತು, ಆಸ್ಪತ್ರೆ ಪರದೆ ಎಷ್ಟಾಯ್ತೇ, ನಾಳೆ ಗಾಡಿ ಬರುತ್ತೆ, ಕಿವೀಲಿ ಏನದು, ಕೆಲಸದ ಹೊತ್ತಲ್ಲಿ ಹಾಡಾ. ಹದಿನಾಲ್ಕಾಯ್ತಮ್ಮ. ಹದಿನಾಲ್ಕೋ ಹದಿಮೂರೋ, ಎಣಿಸಬೇಕು.

ಆಸ್ಪತ್ರೆ. ಗಾಜಿನ ಕೋಣೆ. ಆ ಕಚೇರಿಯಾಗಿ ಎರಡು ವರ್ಷ, ಅಥವಾ ಮೂರು, ಮಿಲ್ಲಿನಲ್ಲಿ ಹಿಂದಿನಿಂದ ಮರದ ಗಾಡಿ ಬಂದದ್ದು ಅವನಿಗೆ ಗೊತ್ತಾಗದೆ ಭುಜಕ್ಕೆ ಬಡಿದು, ಆಗ ಕಿವಿ ತೋರಿಸಿ ಎಂದರು, ಗಾಜಿನ ಗೂಡಿನೊಳಗೆ ಅವನನ್ನು ಕೂರಿಸಿ ಹೆಡ್‌ಫೋನ್ ಹಾಕಿದರು, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು, ಹೊರಗೆ ಇವಳು. ಅವನು ಬೆರಳೆತ್ತಲಿಲ್ಲ. ಗಾಜಿನ ಆಚೆಯಿಂದ ಇವಳ ಮುಖವನ್ನೇ ನೋಡುತ್ತ ಕೂತಿದ್ದ, ಈಗ ಎತ್ತಲಾ ಎಂದು ಕೇಳುವ ಹಾಗೆ, ಡಾಕ್ಟರು ಎದ್ದು ಬಂದು, ಅಮ್ಮಾ ನೀವು ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ಳಿ, ಇವ್ರು ನಿಮ್ಮ ಮುಖದಲ್ಲಿ ಉತ್ತರ ಹುಡುಕ್ತಿದ್ದಾರೆ. ತಿರುಗಿ ಕೂತಳು. ಗೋಡೆಯ ಮೇಲೆ ಕಿವಿಯ ಚಿತ್ರ, ಒಳಗೆಲ್ಲ ಸುರುಳಿ ಸುರುಳಿ. ಇದು ಇವತ್ತು ನಿನ್ನೆಯದಲ್ಲಮ್ಮ, ಹತ್ತು ವರ್ಷದಿಂದ ಇಳೀತಾ ಬಂದಿದೆ, ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ. ಗೊತ್ತಾಗಲಿಲ್ಲ ಸಾರ್, ನಾವು ಟ್ಯೂಬ್‌ಲೈಟ್ ಅಂತಿದ್ವಿ, ಎಂದು ಹೇಳುವುದಕ್ಕಾಗುತ್ತದೆಯೇ. ಹತ್ತು ವರ್ಷ ಎಂದರೆ ಹನ್ನೊಂದೂ ಕಚೇರಿ ಅದರೊಳಗೇ ಬಂತಲ್ಲ, ಛತ್ರಿಯೂ ಬಂತು, ಬೋಳುತಲೆಯೂ ಬಂತು. ಮನೆಗೆ ಬಂದು ಕೇಳಿದರೆ, ಕೇಳಿಸ್ತಿತ್ತು ಬಿಡು, ಸ್ವಲ್ಪ ಸ್ವಲ್ಪ, ಎಂದು ಚಪ್ಪಲಿ ಹುಡುಕತೊಡಗಿದ. ಕಿವಿಗೆ ಯಂತ್ರ ಕೊಟ್ಟರು, ಹಾಕಿಕೊಂಡರೆ ಮಿಲ್ಲು ಮತ್ತೆ ತಲೆಯೊಳಗೆ ಶುರುವಾದ ಹಾಗಾಗುತ್ತೆ ಎಂದು ಮೇಜಿನ ಡ್ರಾಯರಿನಲ್ಲಿ ಹಾಕಿದ್ದು, ಇವತ್ತಿಗೂ ಅಲ್ಲೇ ಇದೆ, ಬಟನ್ನು ಪಿನ್ನುಗಳ ಜೊತೆ. ಹಾಗಾದರೆ ಆ ನಗು ಏನು. ನಾನೂರು ಜನರ ಮುಂದೆ, ಕಿವಿ ಕೇಳದ ಗಂಡನನ್ನು, ಕಿವಿ ಕೇಳದ್ದಕ್ಕೇ, ಹಾಡು ಮಾಡಿಸಿ ನಗೆಪಾಟಲು ಮಾಡಿದವಳು ತಾನು, ಅದೂ ಚೀಟಿಯಲ್ಲಿ ಸಾಲಿನ ಗುರುತು ಹಾಕಿ. ಅವನಿಗೆ ಗೊತ್ತಿತ್ತೇ, ಗೊತ್ತಿದ್ದೇ ಕೈ ಎತ್ತಿದನೇ, ಗೊತ್ತಿಲ್ಲದೆ ಎಲ್ಲರೂ ಯಾಕೆ ನನ್ನನ್ನು ನೋಡಿ ನಗುತ್ತಿದ್ದಾರೆ ಎಂದು ಗಾಬರಿಯಾಗಿ ಎತ್ತಿದನೇ, ಅಥವಾ — ಇದು ಇನ್ನೂ ಕಷ್ಟ — ಹನ್ನೊಂದು ಕಚೇರಿಯಲ್ಲಿ ಅವನು ಇವಳ ಮುಖ ನೋಡಿದ್ದು ನಗು ಯಾವಾಗ ಎಂದು ತಿಳಿಯುವುದಕ್ಕೆ ಮಾತ್ರವೇ, ಅಷ್ಟೇನೇ, ಇವಳು ಅದನ್ನು ಹಿಡಿದುಕೊಂಡು ಊರಿಗೆಲ್ಲ ಹೇಳಿಕೊಂಡು ಮೆರೆದದ್ದೇ. ಆ ಕ್ಯಾಸೆಟ್ಟನ್ನು ಆಮೇಲೆ ಅವಳು ಹಾಕಿ ಕೇಳಲಿಲ್ಲ. ಎಸೆಯಲೂ ಇಲ್ಲ. ಅಭಿಮಾನಿಗಳು ಕೇಳಿದಾಗ ಹಾಳಾಗಿದೆ ಎಂದಳು. ಚೀಟಿ ಬರೆದದ್ದು ತಾನೆಂದು ಮೈದುನನಿಗೂ ಹೇಳಲಿಲ್ಲ, ಇವರಿಗಂತೂ ಇಲ್ಲವೇ ಇಲ್ಲ. ಹದಿನಾರೋ ಹದಿನೇಳೋ ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು, ಹಾಡುಗಾರರು ಸಾಯೋದರೊಳಗೆ ಈ ಹಾಡುಗಳು ಉಳೀಬೇಕಮ್ಮ ಎಂದು ಆ ಮೇಡಂ ಕೇಳಿದ ಒಂದೇ ಮಾತಿಗೆ ತೆಗೆದು ಕೊಟ್ಟುಬಿಟ್ಟಳಲ್ಲ, ಯಾಕೆ ಕೊಟ್ಟಳು. ಹಾಡು ಅಷ್ಟು ಚೆನ್ನಾಗಿತ್ತು, ಅದಕ್ಕೆ. ತಪ್ಪು ತನ್ನದು, ಹಾಡಿನದಲ್ಲ.

ಹ್ಞೂಂ ಎಂದುಬಿಟ್ಟರೆ ಮುಗಿಯಿತು. ಆ ನಗು ಇರುವುದಿಲ್ಲ, ತಿರುಗಿ ನೋಡಿದ ನಾಲ್ಕು ಸಾಲು ಇರುವುದಿಲ್ಲ, ಕುರ್ಚಿ ಬಡಿದದ್ದು ಇರುವುದಿಲ್ಲ, ಟ್ಯೂಬ್‌ಲೈಟಣ್ಣ ಯಾವುದೋ ಊರಿನ ಯಾರೋ ಒಬ್ಬ, ಕೇಳಿದವರು ನಕ್ಕು ಮುಂದಿನ ಹಾಡಿಗೆ ಹೋಗುತ್ತಾರೆ, ಅವಮಾನ ಆಗಿದ್ದರೆ ಅದೂ ಕತ್ತರಿಸಿ ಹೋಗುತ್ತದೆ. ಆದರೆ ಆ ಹಾಡಿನಲ್ಲಿ ಅವನದ್ದು ಎಂದು ಇರುವುದು ಅದೊಂದೇ. ಆ ವಯಸ್ಸಿನ ಅವನ ದನಿ ಬೇರೆಲ್ಲೂ ಇಲ್ಲ, ಎಲ್ಲಾ ಮನೆಗಳಲ್ಲಿರುವಂತೆ ಫೋಟೋಗಳಿವೆ, ಫೋಟೋ ನಗುವುದಿಲ್ಲ. ಫೋನು ನಡುಗಿತು. ಅಮ್ಮಾ, ನೋಡಿದ್ರಾ, ನಾಲ್ಕೂವರೆ ಆಯ್ತು. ಆಯ್ತೇ? ತಲೆ ಎತ್ತಿದರೆ ಗಾಜಿನ ಆಚೆ ಅವನು, ದಿನಾ ಈ ಹೊತ್ತಿಗೆ ಬರುತ್ತಾನೆ, ಅಂಗಡಿಯ ಗಾಜಿಗೆ ಬೆರಳಿಂದ ಎರಡು ಸಲ ಬಡಿದು, ಬೆರಳು ಸುತ್ತಿಸಿ, ಮೆಷಿನ್ ನಿಲ್ಲಿಸು, ಹೆಬ್ಬೆರಳು ಬಾಯಿಗೆ, ಚಹಾ. ಕೂದಲು ಪೂರ್ತಿ ಬಿಳಿ, ಅಂಗಿ ಇವತ್ತೂ ತಾನೇ ಇಸ್ತ್ರಿ ಮಾಡಿದ್ದು, ಒಂದು ತೋಳು ಮಾತ್ರ ಯಾವಾಗಲೂ ಮರೆಯುತ್ತದೆ. ಬಾಗಿಲು ತಳ್ಳಿ ಒಳಗೆ ಬಂದ. ರಿಂಗಮ್ಮ, ಬಂದ್ರು ನೋಡೇ ನಿನ್ನ ಗಂಡ, ದಿನಾ ಕರ್ಕೊಂಡು ಹೋಗೋದು ನೋಡಿದ್ರೆ ನಿನ್ನೆ ಮೊನ್ನೆ ಮದುವೆಯಾಗಿದೆ ಅನ್ಬೇಕು, ಎಂದು ಜೋಕು ಹೊಡೆದಳು, ಓನರಮ್ಮ ನಕ್ಕರು, ಅವನು ರಿಂಗಮ್ಮನನ್ನು ನೋಡಲಿಲ್ಲ, ಇವಳನ್ನು ನೋಡಿದ, ಇವಳು ನಗಲಿಲ್ಲ, ಅವನೂ ನಗಲಿಲ್ಲ. ನಗಲಿಲ್ಲ. ರಿಂಗಮ್ಮನ ಜೋಕು ಸುಮ್ಮನೆ ನೆಲಕ್ಕೆ ಬಿತ್ತು. ಕೇಳಿಯೇ ಬಿಡುತ್ತೇನೆ ಎಂದುಕೊಂಡಳು, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಇಷ್ಟು ಜನರ ಮುಂದೆ ಯಾಕೆ, ಗೊತ್ತಿಲ್ಲ, ತುಟಿ ನಿಧಾನವಾಗಿ ಬಿಡಿಸಿ, ಕೈಯಲ್ಲಿ ತಂತಿಮುರುಕನ ಟೋಪಿ ಮಾಡಿ ತೋರಿಸಿ, ರೀ, ಕೊನೇ ಕಚೇರಿ, ಆವತ್ತು, ಎಲ್ಲರೂ ಸುಮ್ಮನಾದ್ಮೇಲೆ, ಅಷ್ಟು ತಡವಾಗಿ ಯಾಕೆ ನಕ್ಕಿರಿ?

ಅವನು ಹುಬ್ಬು ಗಂಟಿಕ್ಕಿದ. ಟೋಪಿ ಅರ್ಥವಾಯಿತು, ಕೊನೆ ಅರ್ಥವಾಯಿತು, ತಡವಾಗಿ ಎನ್ನುವುದನ್ನು ಎರಡು ಸಲ ಹೇಳಬೇಕಾಯಿತು. ಓ, ಅದಾ. ಅವನ ದನಿಗೆ ಈಗ ಅಳತೆಯಿಲ್ಲ, ಗುಟ್ಟು ಹೇಳಿದರೆ ರಸ್ತೆಗೆ ಕೇಳುತ್ತದೆ, ಅಂಗಡಿಯವರೆಲ್ಲ ಕೈ ನಿಲ್ಲಿಸಿ ಕೇಳುವ ಹಾಗೆ, ನೀನು ಆವತ್ತು ಬಾಯಿ ಮುಚ್ಕೊಂಡು ಕೂತಿದ್ದೆ, ಎರಡೂ ಕೈಯಲ್ಲಿ, ನಗ್ತಿದ್ದೀಯೋ ಅಳ್ತಿದ್ದೀಯೋ ಗೊತ್ತಾಗ್ಲಿಲ್ಲ, ಎಲ್ರೂ ನಗ್ತಿದ್ರು, ಆದ್ರೆ ನೀನು ಅಳ್ತಿದ್ರೆ ನಾನು ಹೇಗೆ ನಗೋದು, ಕೈ ಇಳಿಸಿದ್ಮೇಲೆ ನಕ್ಕೆ. ಇಷ್ಟನ್ನು ಹೇಳಿ, ಮೆಷಿನ್ನಿನ ಮೇಲೆ ಬಿದ್ದಿದ್ದ ದಾರದ ತುಣುಕನ್ನು ಎತ್ತಿ ಕಸದ ಡಬ್ಬಿಗೆ ಹಾಕಿದ. ಎಲ್ರೂ ನಗ್ತಿದ್ರು. ನೀನು ಅಳ್ತಿದ್ರೆ. ಹಾಗಾದರೆ ನಾನೂರು ಜನರ ಮುಖ ಅವನಿಗೆ ಸಾಕಾಗಿತ್ತು, ನಗು ಯಾವಾಗ ಎಂದು ತಿಳಿಯಲು ಮುಂದಿನ ಸಾಲಿನ ಯಾರನ್ನು ನೋಡಿದರೂ ಆಗುತ್ತಿತ್ತು, ಆದರೂ ಕಾದ, ಅಷ್ಟು ಹೊತ್ತು, ಅಣ್ಣ ಅಲ್ಲಿ ಯಾಕೋ — ಹಾಡುಗಾರನಿಗೆ ಕಂಡಿತ್ತು, ಅಯ್ಯೋ, ಅವನಿಗೆ ಕಂಡಿತ್ತು — ಅವಳು ಫೋನೆತ್ತಿ ಒಂದೇ ಬೆರಳಲ್ಲಿ, ನಗು ಇರಲಿ ಮೇಡಂ, ಅರ್ಧ ಸಾಲೂ ಇರಲಿ, ಏನೂ ತೆಗೀಬೇಡಿ, ಎಂದು ಒ‌ತ್ತಿ ಕಳಿಸಿದಳು. ಯಾರಿಗೆ, ಎಂದ ಅವನು. ಆ ಹಾಡು ಬರುತ್ತೆ ರೀ, ಎಲ್ಲರೂ ಕೇಳೋ ಹಾಗೆ, ನಿಮ್ಮ ನಗೂನೂ ಇರುತ್ತೆ. ಹೌದಾ, ಎಂದು ಅವನ ಮುಖ ಅರಳಿತು, ನನ್ನ ನಗೂನಾ, ಚೆನ್ನಾಗಿತ್ತು ಅಲ್ವಾ ಆವತ್ತು, ಎಲ್ರೂ ನನ್ನ ಕಡೆ ತಿರುಗಿ ಕೈ ಬೀಸಿದ್ರು, ಆಮೇಲೆ, ಏನೋ ಈಗ ತಾನೇ ಹೊಳೆದ ಹಾಗೆ, ಇಡೀ ಅಂಗಡಿಗೆ ಕೇಳುವ ದನಿಯಲ್ಲಿ, ಅಂದ ಹಾಗೆ ಆ ಹಾಡು ಯಾವುದರ ಮೇಲಿತ್ತು? ರಿಂಗಮ್ಮನ ಟಕ್ ಟಕ್ ನಿಂತಿತು. ಹೇಳಬೇಕು, ಈಗ ಹೇಳಬೇಕು, ಚೀಟಿ, ಅಳತೆ ಪುಸ್ತಕದ ಹಾಳೆ, ಐದನೇ ಸಾಲು, ಬಾಯಿ ತೆರೆಯಿತು, ಮಾತಿಗೆ ಮೊದಲೇ ಕೈ ತಾನಾಗಿ ಮೇಲೆದ್ದು ಬಾಯಿಯನ್ನು ಮುಚ್ಚಿತು, ಎರಡೂ ಕೈ, ಅವನು ನಿಂತಲ್ಲೇ ನಿಂತ, ಗಾಜಿನಿಂದ ಬಂದ ಸಂಜೆಯ ಬೆಳಕು ಪಕ್ಕದಿಂದ ಬಿದ್ದ ಮುಖ, ಅರ್ಧ ಬೆಳಕು ಅರ್ಧ ಕತ್ತಲೆ, ಪೂರ್ತಿ ಅವಳ ಕಡೆ ತಿರುಗಿ, ತುಟಿ ಇನ್ನೂ ಯಾವುದಕ್ಕೂ ಸಿದ್ಧವಾಗದೆ, ಕೈ ಇಳಿಯುವುದನ್ನು ಕಾಯುತ್ತ, ಪಕ್ಕದಿಂದ ಬೆಳಕು ಬಿದ್ದ ಮುಖ, ಕಾಯುತ್ತ